ಸಂದೇಶ ಎಲ್ಲಿ ಕಾಯುತ್ತಿದೆ? ಹಲವು ಕ್ಲಸ್ಟರ್‌ಗಳ ಮೆಸೇಜ್ ಬ್ರೋಕರ್ ಮೇಲೆ ನಿಗಾ ಇಡುವ ಬಗೆ

ಬಸ್ ಟಿಕೆಟ್ ಕಾಯ್ದಿರಿಸಲು ಕುಳಿತವರೊಬ್ಬರಿಗೆ ಒಟಿಪಿ ಹನ್ನೆರಡು ನಿಮಿಷ ತಡವಾಗಿ ಬಂತು ಎಂದುಕೊಳ್ಳಿ. ಅಷ್ಟರಲ್ಲಿ ಅದರ ಅವಧಿ ಮುಗಿದಿರುತ್ತದೆ, ಕಿಟಕಿ ಪಕ್ಕದ ಸೀಟು ಬೇರೆಯವರ ಪಾಲಾಗಿರುತ್ತದೆ. ಅದೇ ಹೊತ್ತಿಗೆ ಆ ಸೇವೆ ನಡೆಸುವವರ ಪರದೆ ನೋಡಿದರೆ ಎಲ್ಲವೂ ಹಸಿರು. ಸಿಪಿಯು ಬಳಕೆ ಶೇ 30, ಮೆಮೊರಿ ಅರ್ಧ ಖಾಲಿ, ಡಿಸ್ಕ್‌ನಲ್ಲಿ ಬೇಕಾದಷ್ಟು ಜಾಗ. ಸರ್ವರ್‌ಗಳು ಚೆನ್ನಾಗಿಯೇ ಇವೆ. ಒಳಗೆ ಸಂದೇಶಗಳು ಸಾಲುಗಟ್ಟಿ ನಿಂತಿವೆ, ಆ ಸಾಲನ್ನು ಯಾರೂ ಅಳೆಯುತ್ತಿಲ್ಲ.

ಆ ಸಾಲನ್ನು ಕಾಯುವ ತಂತ್ರಾಂಶವೇ ಮೆಸೇಜ್ ಬ್ರೋಕರ್. ಟಿಕೆಟ್ ಬುಕ್ ಮಾಡುವ ಪ್ರೋಗ್ರಾಂ ಎಸ್ಸೆಮ್ಮೆಸ್ ಕಳಿಸುತ್ತಾ ಕೂರುವುದಿಲ್ಲ. 'ಈ ನಂಬರಿಗೆ ಈ ಸಂದೇಶ ಹೋಗಬೇಕು' ಎಂಬ ಚೀಟಿಯನ್ನು ಬ್ರೋಕರ್ ಕೈಗಿತ್ತು ತನ್ನ ಮುಂದಿನ ಕೆಲಸಕ್ಕೆ ಹೋಗುತ್ತದೆ. ಎಸ್ಸೆಮ್ಮೆಸ್ ಕಳಿಸುವ ಇನ್ನೊಂದು ಪ್ರೋಗ್ರಾಂ ಆ ಚೀಟಿಗಳನ್ನು ಒಂದೊಂದಾಗಿ ಎತ್ತಿಕೊಂಡು, ಕೆಲಸ ಮುಗಿಸಿ, 'ಆಯಿತು' ಎಂದು ಬ್ರೋಕರ್‌ಗೆ ತಿಳಿಸುತ್ತದೆ. ಚೀಟಿ ಕೊಡುವವರು ಪಬ್ಲಿಷರ್, ಎತ್ತಿಕೊಳ್ಳುವವರು ಕನ್ಸ್ಯೂಮರ್, ನಡುವಿನ ಸಾಲು ಕ್ಯೂ, ಕೊನೆಯ 'ಆಯಿತು' ಎಂಬುದು ಅಕ್ನಾಲೆಜ್‌ಮೆಂಟ್. ಬಾಯಿಮಾತಿನಲ್ಲಿ 'ಅಕ್'.

ಒಂದೇ ಬ್ರೋಕರ್ ಇದ್ದಾಗ ಅದರ ಪುಟ ತೆರೆದು ಕಣ್ಣಾಡಿಸಿದರೆ ಸಾಕಾಗುತ್ತಿತ್ತು. ಈಗ ಮೈಸೂರು, ಹುಬ್ಬಳ್ಳಿಗಳಲ್ಲಿ ಕುಳಿತ ಸಣ್ಣ ತಂಡಗಳೂ ಹಲವು ಊರುಗಳಲ್ಲಿ ಸರ್ವರ್ ಇಟ್ಟುಕೊಳ್ಳುವ ಕಾಲ. ಅಮೆಜಾನ್‌ನ ಕ್ಲೌಡ್ ಕೇಂದ್ರ 2016ರಲ್ಲಿ ಮುಂಬೈಯಲ್ಲಿ, 2022ರಲ್ಲಿ ಹೈದರಾಬಾದ್‌ನಲ್ಲಿ ಶುರುವಾದ ಮೇಲೆ ಒಂದೊಂದು ಕಡೆ ಒಂದೊಂದು ಕ್ಲಸ್ಟರ್, ಅಂದರೆ ಒಟ್ಟಾಗಿ ಒಂದೇ ಬ್ರೋಕರ್ ಆಗಿ ದುಡಿಯುವ ಸರ್ವರ್‌ಗಳ ಗುಂಪು, ಇಡುವುದು ಸುಲಭವಾಗಿದೆ. ಅವುಗಳ ಮೇಲೆ ಒಟ್ಟಾಗಿ ನಿಗಾ ಇಡುವುದು ಅಷ್ಟು ಸುಲಭವಲ್ಲ. ಆ ಕೆಲಸವನ್ನು ಹಂತ ಹಂತವಾಗಿ ಮಾಡುವುದು ಹೇಗೆಂದು ಇಲ್ಲಿ ಹೇಳುತ್ತೇನೆ. ಉದಾಹರಣೆಗೆ ತೆಗೆದುಕೊಂಡಿರುವುದು ರ‍್ಯಾಬಿಟ್‌ಎಂಕ್ಯೂ. 2007ರಲ್ಲಿ ಬಂದ, ಎರ್ಲಾಂಗ್ ಭಾಷೆಯಲ್ಲಿ ಬರೆದ ಈ ಬ್ರೋಕರ್ ಮುಕ್ತ ತಂತ್ರಾಂಶ. ನಿಗಾಕ್ಕೆಂದು ಅಂಕಿಗಳನ್ನು ಕೂಡಿಸಿಡುವ ಪ್ರೊಮೀಥಿಯಸ್, ಅವನ್ನು ಪರದೆಯ ಮೇಲೆ ತೋರಿಸುವ ಗ್ರಫಾನಾಗಳೂ ಮುಕ್ತ ತಂತ್ರಾಂಶಗಳೇ, ಹಣ ಕೊಡಬೇಕಿಲ್ಲ. ಆಜ್ಞೆಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ, ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಬೇಕು.

ಮೊದಲು ಹೆಸರಿಡಿ

ಹೆಚ್ಚಿನವರು ಈ ಹಂತವನ್ನು ಬಿಟ್ಟು ನೇರವಾಗಿ ಡ್ಯಾಶ್‌ಬೋರ್ಡ್ ಮಾಡಲು ಕೂರುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ರ‍್ಯಾಬಿಟ್‌ಎಂಕ್ಯೂ ಕ್ಲಸ್ಟರ್‌ಗೆ ನಾವು ಹೆಸರು ಕೊಡದಿದ್ದರೆ ಮೊದಲ ನೋಡ್‌ನ, ಅಂದರೆ ಗುಂಪಿನ ಮೊದಲ ಸರ್ವರ್‌ನ, ಹೆಸರನ್ನೇ ಅದು ತನ್ನ ಹೆಸರಾಗಿ ಇಟ್ಟುಕೊಳ್ಳುತ್ತದೆ. ಒಂದೇ ಅಚ್ಚಿನಿಂದ ತೆಗೆದ ಮೂರು ಕ್ಲಸ್ಟರ್‌ಗಳಿಗೆ ಒಂದೇ ಬಗೆಯ ಹೆಸರು ಬಂದುಬಿಡುತ್ತದೆ. ರಾತ್ರಿ ಎರಡು ಗಂಟೆಗೆ ಫೋನ್ ಬಡಿದಾಗ 'ಕ್ಯೂ ತುಂಬಿದೆ' ಎಂಬ ಸಂದೇಶ ಕಾಣುತ್ತದೆ, ಯಾವ ಊರಿನ ಕ್ಯೂ ಎಂಬುದು ತಿಳಿಯುವುದಿಲ್ಲ.

ಪ್ರತಿ ಕ್ಲಸ್ಟರ್‌ನ ಯಾವುದಾದರೂ ಒಂದು ನೋಡ್‌ನಲ್ಲಿ 'ರ‍್ಯಾಬಿಟ್‌ಎಂಕ್ಯೂಸಿಟಿಎಲ್ ಸೆಟ್_ಕ್ಲಸ್ಟರ್_ನೇಮ್' ಆಜ್ಞೆ ಕೊಟ್ಟು, ಮುಂದೆ ಹೆಸರು ಬರೆಯಿರಿ. ಊರು, ಕೆಲಸ, ಸಂಖ್ಯೆ ಮೂರೂ ಆ ಹೆಸರಿನಲ್ಲಿರಲಿ: 'ಮುಂಬೈ-ಪಾವತಿ-1', 'ಹೈದರಾಬಾದ್-ಎಸ್ಸೆಮ್ಮೆಸ್-1' ಎಂಬಂತೆ. ಸಿನಿಮಾ ಪಾತ್ರಗಳ, ಗ್ರಹಗಳ ಹೆಸರಿಡುವ ಹುಕಿ ಬೇಡ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿ ಹೆಸರು ಓದಿದೊಡನೆ ಅದು ಎಲ್ಲಿದೆ, ಏನು ಮಾಡುತ್ತದೆ ಎಂದು ಹೇಳುವಂತಿರಬೇಕು. ಇದೇ ಹೆಸರು ಮುಂದೆ ಪ್ರೊಮೀಥಿಯಸ್‌ನ ಲೇಬಲ್‌ನಲ್ಲಿ, ಅಲರ್ಟ್‌ನಲ್ಲಿ, ದುರಸ್ತಿ ಟಿಪ್ಪಣಿಯಲ್ಲಿ ಒಂದಕ್ಷರವೂ ಬದಲಾಗದೆ ಬರಬೇಕು.

ಹೆಸರಿನ ಜತೆಗೇ ಗಡಿಯಾರವನ್ನೂ ಸರಿಮಾಡಿಕೊಳ್ಳಿ. ಎರಡು ಊರಿನ ಸರ್ವರ್‌ಗಳ ಸಮಯ ಒಂದು ನಿಮಿಷ ಹೆಚ್ಚುಕಡಿಮೆಯಾದರೂ, ಯಾವುದು ಮೊದಲು ಕೆಟ್ಟಿತು, ಯಾವುದು ಅದರ ಪರಿಣಾಮ ಎಂದು ಹೇಳಲಾಗದು. ಭಾರತದಲ್ಲಿ ಇದು ಬರೀ ಶಿಸ್ತಿನ ಮಾತಲ್ಲ, ಕಾನೂನಿನ ಮಾತೂ ಹೌದು. ಕೇಂದ್ರದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ, ಸರ್ವರ್‌ಗಳ ಗಡಿಯಾರವನ್ನು ನ್ಯಾಷನಲ್ ಇನ್‌ಫರ್ಮ್ಯಾಟಿಕ್ಸ್ ಸೆಂಟರ್ ಅಥವಾ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿಯ ಸಮಯಕ್ಕೆ ಹೊಂದಿಸಿರಬೇಕು, ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು. ಅಂಕಿಗಳನ್ನು ಯುಟಿಸಿ ಸಮಯದಲ್ಲೇ ಶೇಖರಿಸಿ, ಪರದೆಯ ಮೇಲೆ ಮಾತ್ರ ಭಾರತೀಯ ಸಮಯದಲ್ಲಿ ತೋರಿಸಿ.

ಅಂಕಿಗಳನ್ನು ಹೊರಗೆ ತರುವುದು

ರ‍್ಯಾಬಿಟ್‌ಎಂಕ್ಯೂ ಜತೆ ಒಂದು ಮ್ಯಾನೇಜ್‌ಮೆಂಟ್ ಪುಟ ಬರುತ್ತದೆ, ಪೋರ್ಟ್ 15672ರಲ್ಲಿ. ಕಣ್ಣಿಗೆ ಚೆಂದ, ಬಳಸಲು ಸುಲಭ. ಆದರೆ ಅದರ ಲೆಕ್ಕವೆಲ್ಲ ಮೆಮೊರಿಯಲ್ಲಿ ಇರುತ್ತದೆ, ಹೆಚ್ಚೆಂದರೆ ಒಂದು ದಿನದ ಇತಿಹಾಸ ತೋರಿಸುತ್ತದೆ. ಕಳೆದ ವಾರ ಇದೇ ಹೊತ್ತಿಗೆ ಎಷ್ಟಿತ್ತು ಎಂದು ಕೇಳಿದರೆ ಅದರ ಬಳಿ ಉತ್ತರವಿಲ್ಲ. ಹಾಗಾಗಿ ಆ ಪುಟ ಮನುಷ್ಯರು ಆಗೀಗ ಇಣುಕಿ ನೋಡಲು ಇರಲಿ, ನಿಗಾಕ್ಕೆ ಬೇರೆ ದಾರಿ ಬೇಕು.

ಆ ದಾರಿ 2019ರಲ್ಲಿ ಬಂದ 3.8ನೇ ಆವೃತ್ತಿಯಿಂದ ಜತೆಗೇ ಸಿಗುತ್ತಿದೆ. ಪ್ರತಿ ನೋಡ್‌ನಲ್ಲೂ 'ರ‍್ಯಾಬಿಟ್‌ಎಂಕ್ಯೂ-ಪ್ಲಗಿನ್ಸ್ ಎನೇಬಲ್ ರ‍್ಯಾಬಿಟ್‌ಎಂಕ್ಯೂ_ಪ್ರೊಮೀಥಿಯಸ್' ಎಂದು ಕೊಟ್ಟರೆ ಪೋರ್ಟ್ 15692ರಲ್ಲಿ 'ಮೆಟ್ರಿಕ್ಸ್' ಎಂಬ ಪುಟ ತೆರೆದುಕೊಳ್ಳುತ್ತದೆ. ಅದರ ತುಂಬ ಅಂಕಿಗಳು. ಮನುಷ್ಯರಿಗೆ ಓದಲು ಬೇಸರ, ಪ್ರೊಮೀಥಿಯಸ್‌ಗೆ ಅದೇ ಊಟ. ಈ ಪುಟಕ್ಕೆ ತಾನಾಗಿ ಪಾಸ್‌ವರ್ಡ್ ಇರುವುದಿಲ್ಲ, ನೆನಪಿರಲಿ. ಆ ಪೋರ್ಟ್‌ಗೆ ಪ್ರೊಮೀಥಿಯಸ್ ಸರ್ವರ್ ಬಿಟ್ಟು ಬೇರಾರೂ ತಲುಪದಂತೆ ಫೈರ್‌ವಾಲ್‌ನಲ್ಲಿ ಬಂದೋಬಸ್ತು ಮಾಡಿ.

ಇಲ್ಲಿ ಎರಡು ಕಡೆ ಕಾಲು ಜಾರುತ್ತದೆ. ಮೊದಲನೆಯದು ಲೋಡ್ ಬ್ಯಾಲೆನ್ಸರ್. ಮೂರು ನೋಡ್‌ಗಳ ಮುಂದೆ ಒಂದು ಲೋಡ್ ಬ್ಯಾಲೆನ್ಸರ್ ಇರುತ್ತದಲ್ಲ, ಅದರ ವಿಳಾಸವನ್ನೇ ಪ್ರೊಮೀಥಿಯಸ್‌ಗೆ ಕೊಟ್ಟುಬಿಡುತ್ತಾರೆ. ಆಗ ಒಮ್ಮೆ ಒಂದನೇ ನೋಡ್‌ನ ಅಂಕಿ, ಮರುಗಳಿಗೆಯಲ್ಲಿ ಮೂರನೆಯದರದು ಬಂದು ಗ್ರಾಫ್ ಹಲ್ಲುಹಲ್ಲಾಗಿ ಕಾಣುತ್ತದೆ. ಒಂದು ನೋಡ್ ಸತ್ತರೂ ಗೊತ್ತಾಗುವುದಿಲ್ಲ, ಏಕೆಂದರೆ ಉಳಿದೆರಡು ಉತ್ತರ ಕೊಡುತ್ತಲೇ ಇರುತ್ತವೆ. ಪ್ರತಿ ನೋಡ್‌ನ ವಿಳಾಸವನ್ನೂ ಬೇರೆಬೇರೆಯಾಗಿ ಕೊಡಿ.

ಎರಡನೆಯದು ಒಟ್ಟು ಮೊತ್ತ. 'ಮೆಟ್ರಿಕ್ಸ್' ಪುಟ ಎಲ್ಲ ಕ್ಯೂಗಳನ್ನೂ ಕೂಡಿಸಿ ಒಂದೇ ಸಂಖ್ಯೆ ಕೊಡುತ್ತದೆ. ಸಾವಿರಾರು ಕ್ಯೂ ಇದ್ದಾಗ ಪುಟ ಉಬ್ಬದಿರಲಿ ಎಂದು ಈ ಏರ್ಪಾಟು. ಆದರೆ ಒಟಿಪಿ ಕ್ಯೂನಲ್ಲಿ 500 ಸಂದೇಶ ಸಿಕ್ಕಿಬಿದ್ದಿರುವುದು ಆ ಮೊತ್ತದಲ್ಲಿ ಮುಳುಗಿಹೋಗುತ್ತದೆ. ಇದಕ್ಕೆಂದೇ 'ಮೆಟ್ರಿಕ್ಸ್/ಡೀಟೇಲ್ಡ್' ಎಂಬ ಇನ್ನೊಂದು ಪುಟವಿದೆ. ಅದರಲ್ಲಿ ಯಾವ ಗುಂಪಿನ ಅಂಕಿ ಬೇಕೋ ಅದನ್ನಷ್ಟೇ ಕೇಳಬಹುದು. 'ಕ್ಯೂ_ಕೋರ್ಸ್_ಮೆಟ್ರಿಕ್ಸ್' ಎಂದು ಕೇಳಿದರೆ ಪ್ರತಿ ಕ್ಯೂನಲ್ಲಿ ಎಷ್ಟು ಸಂದೇಶ ಕಾಯುತ್ತಿವೆ, ಎಷ್ಟು ಕನ್ಸ್ಯೂಮರ್ ಕೈಯಲ್ಲಿವೆ ಎಂಬುದು, 'ಕ್ಯೂ_ಕನ್ಸ್ಯೂಮರ್_ಕೌಂಟ್' ಎಂದು ಕೇಳಿದರೆ ಪ್ರತಿ ಕ್ಯೂಗೆ ಎಷ್ಟು ಕನ್ಸ್ಯೂಮರ್‌ಗಳು ಎಂಬುದು ಸಿಗುತ್ತದೆ. ಒಟ್ಟು ಪುಟವನ್ನು 15 ಸೆಕೆಂಡಿಗೊಮ್ಮೆ, ವಿವರದ ಪುಟವನ್ನು 30ರಿಂದ 60 ಸೆಕೆಂಡಿಗೊಮ್ಮೆ ಓದಿಸಿ.

ಪ್ರತಿ ಊರಿಗೂ ಒಂದು ಪ್ರೊಮೀಥಿಯಸ್

ಬೆಂಗಳೂರಿನಲ್ಲಿ ಒಂದೇ ಪ್ರೊಮೀಥಿಯಸ್ ಇಟ್ಟು ಮುಂಬೈ, ಹೈದರಾಬಾದ್‌ಗಳ ಅಂಕಿಗಳನ್ನು ಅಲ್ಲಿಂದಲೇ ಎಳೆದುಕೊಂಡರೆ ಆಗದೇ? ಆಗುತ್ತದೆ, ಊರುಗಳ ನಡುವಿನ ಸಂಪರ್ಕ ಇರುವ ತನಕ. ಸಂಪರ್ಕ ಕಡಿದ ಗಳಿಗೆಯಲ್ಲೇ ನಿಗಾ ಹೆಚ್ಚು ಬೇಕಾಗುವುದು, ಆಗಲೇ ಅದು ಕುರುಡಾಗುತ್ತದೆ. ಆದ್ದರಿಂದ ಪ್ರತಿ ಊರಿನಲ್ಲೂ ಕ್ಲಸ್ಟರ್‌ನ ಪಕ್ಕದಲ್ಲೇ, ಆದರೆ ಬೇರೆಯದೇ ಯಂತ್ರದಲ್ಲಿ, ಒಂದು ಪ್ರೊಮೀಥಿಯಸ್ ಇರಲಿ. ಆ ಊರಿನ ಅಲರ್ಟ್ ನಿಯಮಗಳನ್ನು ಅದೇ ನೋಡಿಕೊಳ್ಳಲಿ. ಎಲ್ಲ ಊರಿನ ಅಂಕಿಗಳನ್ನು ಒಟ್ಟಿಗೆ ನೋಡಲು 'ರಿಮೋಟ್ ರೈಟ್' ಮೂಲಕ ಒಂದು ಕೇಂದ್ರಕ್ಕೆ ಕಳಿಸಿ. ಕೇಂದ್ರದಲ್ಲಿ ಶೇಖರಣೆಗೆ ಥಾನೋಸ್ ಅಥವಾ ಮಿಮಿರ್ ಎಂಬ ತಂತ್ರಾಂಶ ಇರಬಹುದು. ಪ್ರೊಮೀಥಿಯಸ್ ತಾನಾಗಿ ಇಟ್ಟುಕೊಳ್ಳುವುದು 15 ದಿನದ ಅಂಕಿ ಮಾತ್ರ. ಹೋದ ದೀಪಾವಳಿಯ ದಟ್ಟಣೆಯನ್ನು ಈ ದೀಪಾವಳಿಗೆ ಹೋಲಿಸಬೇಕೆಂದರೆ ಕೇಂದ್ರದ ದೀರ್ಘಕಾಲದ ಶೇಖರಣೆ ಬೇಕೇಬೇಕು.

ಮೊದಲೇ ಇಟ್ಟ ಹೆಸರು ಇಲ್ಲಿ ಲೇಬಲ್ ಆಗುತ್ತದೆ. ಪ್ರೊಮೀಥಿಯಸ್‌ನ ಸಂರಚನೆಯಲ್ಲಿ 'ಎಕ್ಸ್‌ಟರ್ನಲ್_ಲೇಬಲ್ಸ್' ಎಂಬ ಜಾಗವಿದೆ. ಅಲ್ಲಿ ಬರೆದದ್ದು ಅಂಕಿ ಹೊರಗೆ ಹೋಗುವಾಗ, ಅಲರ್ಟ್ ಕಳಿಸುವಾಗ ಅಂಟಿಕೊಳ್ಳುತ್ತದೆಯೇ ಹೊರತು ಅದೇ ಪ್ರೊಮೀಥಿಯಸ್‌ನಲ್ಲಿ ಕ್ವೆರಿ ಬರೆದಾಗ ಕಾಣುವುದಿಲ್ಲ. ಒಂದೇ ಊರಿನಲ್ಲಿ ಎರಡು ಕ್ಲಸ್ಟರ್ ಇದ್ದರೆ ಇದು ಸಾಲುವುದೂ ಇಲ್ಲ. ಹಾಗಾಗಿ ಊರಿನ ಹೆಸರನ್ನು ಅಲ್ಲಿ ಬರೆದು, ಕ್ಲಸ್ಟರ್‌ನ ಹೆಸರನ್ನು ನೋಡ್‌ಗಳ ವಿಳಾಸ ಬರೆಯುವ ಜಾಗದಲ್ಲೇ ಲೇಬಲ್ ಆಗಿ ಸೇರಿಸಿ. ಇಷ್ಟಾದರೆ ಯಾವ ಅಂಕಿಯೂ ಅನಾಥವಾಗಿ ಉಳಿಯದು.

ಗ್ರಫಾನಾದಲ್ಲಿ ಡ್ಯಾಶ್‌ಬೋರ್ಡ್ ಶುರುವಿನಿಂದ ಬರೆಯಬೇಕಿಲ್ಲ. ರ‍್ಯಾಬಿಟ್‌ಎಂಕ್ಯೂ ತಂಡವೇ ಮಾಡಿಟ್ಟವು ಇವೆ. ಇಂಪೋರ್ಟ್ ಪುಟದಲ್ಲಿ 10991 ಎಂದು ಕೊಟ್ಟರೆ ಒಟ್ಟಾರೆ ಚಿತ್ರಣ, 11352 ಎಂದು ಕೊಟ್ಟರೆ ನೋಡ್‌ಗಳ ನಡುವಿನ ಸಂಪರ್ಕದ ಸ್ಥಿತಿ ಬರುತ್ತದೆ. ಮೇಲ್ಗಡೆ ಕ್ಲಸ್ಟರ್ ಆರಿಸುವ ಪಟ್ಟಿ ಇರುತ್ತದೆ. ಹೆಸರಿಡುವ ಹಂತವನ್ನು ಬಿಟ್ಟವರಿಗೆ ಆ ಪಟ್ಟಿ ಗೊಂದಲದ ಗೂಡು.

ಎಷ್ಟು ಉದ್ದ ಎನ್ನುವುದಕ್ಕಿಂತ ಎಷ್ಟು ಹೊತ್ತು

ಇನ್ನು ಮುಖ್ಯ ಪ್ರಶ್ನೆ: ನೂರಾರು ಅಂಕಿಗಳಲ್ಲಿ ಯಾವುದನ್ನು ನೋಡುವುದು? ನನ್ನ ಉತ್ತರ ಒಂದೇ. ಸಂದೇಶ ಎಷ್ಟು ಹೊತ್ತು ಕಾಯುತ್ತಿದೆ ಎಂಬುದನ್ನು ನೋಡಿ. ಉಳಿದದ್ದೆಲ್ಲ ಅದಕ್ಕೆ ಕಾರಣ ಹುಡುಕಲು ನೆರವಾಗುವ ಅಂಕಿಗಳು.

ಹೆಚ್ಚಿನ ಕಡೆ ಕ್ಯೂ ಉದ್ದಕ್ಕೆ ಅಲರ್ಟ್ ಇಟ್ಟಿರುತ್ತಾರೆ. 10,000 ದಾಟಿದರೆ ಗಂಟೆ ಬಾರಿಸು, ಅಷ್ಟೆ. ಆದರೆ ಸೆಕೆಂಡಿಗೆ 2,000 ಸಂದೇಶ ಮುಗಿಸುವ ಕ್ಯೂನಲ್ಲಿ 10,000 ಎಂದರೆ ಐದು ಸೆಕೆಂಡಿನ ಕೆಲಸ. ಸೆಕೆಂಡಿಗೆ ಒಂದೇ ಸಂದೇಶ ಮುಗಿಸುವ ಕ್ಯೂನಲ್ಲಿ ಬರೀ 600 ಸಂದೇಶವಿದ್ದರೂ ಕೊನೆಯದು ಹತ್ತು ನಿಮಿಷ ಕಾಯಬೇಕು. ಉದ್ದವೊಂದನ್ನೇ ನೋಡಿದರೆ ಮೊದಲನೆಯದಕ್ಕೆ ಸುಮ್ಮನೆ ಗಂಟೆ ಬಡಿಯುತ್ತದೆ, ಎರಡನೆಯದಕ್ಕೆ ಬಡಿಯುವುದೇ ಇಲ್ಲ.

ಮೊದಲು ಹೇಳಿದ ಒಟಿಪಿಯ ಲೆಕ್ಕ ಹಾಕಿ ನೋಡೋಣ. ಹಬ್ಬದ ಮುಂಚಿನ ಸಂಜೆ ಸೆಕೆಂಡಿಗೆ 120 ಒಟಿಪಿ ಕೋರಿಕೆ ಬರುತ್ತಿವೆ, ಕನ್ಸ್ಯೂಮರ್‌ಗಳು ಮುಗಿಸುತ್ತಿರುವುದು 100. ಸೆಕೆಂಡಿಗೆ 20 ಉಳಿಯುತ್ತದೆ. ಇಷ್ಟು ಸಣ್ಣ ಅಂತರ ಗ್ರಾಫ್‌ನಲ್ಲಿ ಕಣ್ಣಿಗೂ ಬೀಳದು. ಒಂದು ಗಂಟೆಯಲ್ಲಿ 72,000 ಸಂದೇಶ ಸಾಲಿನಲ್ಲಿ ನಿಂತಿರುತ್ತವೆ. ಸೆಕೆಂಡಿಗೆ 100ರಂತೆ ಮುಗಿಸಿದರೆ ಆಗ ಬಂದವರ ಸರದಿ ಬರುವುದು 720 ಸೆಕೆಂಡಿನ ಮೇಲೆ. ಅದೇ ಆ ಹನ್ನೆರಡು ನಿಮಿಷ. ದಟ್ಟಣೆ ಇಳಿದು ಸೆಕೆಂಡಿಗೆ 60 ಕೋರಿಕೆ ಬರತೊಡಗಿದರೂ, ಕೂಡಿಬಿದ್ದ ಸಾಲು ಕರಗಲು ಇನ್ನೂ ಅರ್ಧ ಗಂಟೆ ಬೇಕು. ಆ ಅರ್ಧ ಗಂಟೆಯಲ್ಲಿ ಕಳಿಸುವ ಬಹುಪಾಲು ಒಟಿಪಿ ಅವಧಿ ಮುಗಿದವು, ಯಾರಿಗೂ ಬೇಡದವು. ಜನ 'ಮತ್ತೆ ಕಳಿಸಿ' ಎಂಬ ಗುಂಡಿ ಒತ್ತುತ್ತಾ ಹೋದಂತೆ ಸಾಲು ಇನ್ನೂ ಬೆಳೆಯುತ್ತದೆ.

ಸಾಲಿನ ಉದ್ದ, ಬರುವ ವೇಗ, ಕಾಯುವ ಹೊತ್ತು ಈ ಮೂರರ ನಂಟನ್ನು ಜಾನ್ ಲಿಟ್ಲ್ ಎಂಬ ವಿದ್ವಾಂಸರು 1961ರಲ್ಲೇ ಸಾಧಿಸಿ ತೋರಿಸಿದರು. ಅವರಿಗೂ ಮೊದಲು ಕೋಪನ್‌ಹೇಗನ್‌ನ ಟೆಲಿಫೋನ್ ಕಂಪನಿಯಲ್ಲಿದ್ದ ಗಣಿತಜ್ಞ ಎರ್ಲಾಂಗ್ 1909ರಲ್ಲಿ ಫೋನ್ ಕರೆಗಳ ದಟ್ಟಣೆಯ ಬಗ್ಗೆ ಬರೆದಿದ್ದರು. ರ‍್ಯಾಬಿಟ್‌ಎಂಕ್ಯೂ ಬರೆದಿರುವ ಭಾಷೆಗೆ ಅವರದೇ ಹೆಸರು.

ಕಾಯುವ ಹೊತ್ತನ್ನು ನಿಖರವಾಗಿ ಅಳೆಯಲು ಪ್ರೋಗ್ರಾಂ ಬರೆಯುವವರ ನೆರವು ಬೇಕು. ಪಬ್ಲಿಷರ್ ಪ್ರತಿ ಸಂದೇಶದ ಹೆಡರ್‌ನಲ್ಲಿ ಕಳಿಸಿದ ಸಮಯ ಬರೆಯಲಿ. ಕನ್ಸ್ಯೂಮರ್ ಕೆಲಸ ಮುಗಿಸಿದ ಸಮಯದಿಂದ ಅದನ್ನು ಕಳೆದು, ಬಂದ ಸೆಕೆಂಡುಗಳನ್ನು ಪ್ರೊಮೀಥಿಯಸ್‌ನ ಹಿಸ್ಟೋಗ್ರಾಂ ಆಗಿ ಹೊರಗಿಡಲಿ. ಕೆಲವೇ ಸಾಲಿನ ಕೋಡ್. ಅದು ಸಿಗುವ ತನಕ ಮೇಲಿನ ಭಾಗಾಕಾರವನ್ನೇ ಬಳಸಿ: ಕಾಯುತ್ತಿರುವ ಸಂದೇಶಗಳನ್ನು ಅಕ್ ಆಗುವ ವೇಗದಿಂದ ಭಾಗಿಸಿ.

ಆಮೇಲೆ ಪ್ರತಿ ಕ್ಯೂನ ಒಡೆಯರನ್ನು ಕೂರಿಸಿಕೊಂಡು 'ನಿಮ್ಮ ಸಂದೇಶ ಎಷ್ಟು ಹೊತ್ತು ಕಾದರೆ ಗ್ರಾಹಕರಿಗೆ ತೊಂದರೆ?' ಎಂದು ಕೇಳಿ ಬರೆದುಕೊಳ್ಳಿ. ಒಟಿಪಿಗೆ ಒಂದು ನಿಮಿಷ ಇರಬಹುದು, ರಸೀದಿಯ ಇಮೇಲ್‌ಗೆ ಅರ್ಧ ಗಂಟೆ, ರಾತ್ರಿಯ ವರದಿಗೆ ಬೆಳಗ್ಗೆ ಆರರ ತನಕ. ಈ ಮಿತಿ ಬರುವುದು ವ್ಯವಹಾರ ಬಲ್ಲವರಿಂದ, ಸರ್ವರ್ ನೋಡುವವರು ಅಂದಾಜಿನಲ್ಲಿ ಇಡುವಂಥದ್ದಲ್ಲ.

ಇದರ ಜತೆ ಒಂದೆರಡು ಅಂಕಿಗಳ ಸ್ವಭಾವ ತಿಳಿದಿರಬೇಕು. ಕಾಯುತ್ತಿರುವ ಸಂದೇಶಗಳಿಗೆ 'ರೆಡಿ' ಎನ್ನುತ್ತಾರೆ, ಕನ್ಸ್ಯೂಮರ್ ಎತ್ತಿಕೊಂಡು ಇನ್ನೂ ಅಕ್ ಕೊಡದವಕ್ಕೆ 'ಅನ್‌ಅಕ್ಡ್'. ರೆಡಿ ಏರುತ್ತಿದ್ದು ಕನ್ಸ್ಯೂಮರ್ ಸಂಖ್ಯೆ ಸೊನ್ನೆಯಾಗಿದ್ದರೆ ಆ ಪ್ರೋಗ್ರಾಂ ಬಿದ್ದುಹೋಗಿದೆ. ರೆಡಿ ಕಡಿಮೆಯಿದ್ದು ಅನ್‌ಅಕ್ಡ್ ಮಾತ್ರ ಎತ್ತರದಲ್ಲಿ ಚಪ್ಪಟೆಯಾಗಿ ನಿಂತಿದ್ದರೆ ಕನ್ಸ್ಯೂಮರ್ ಬದುಕಿದೆ, ಆದರೆ ಎಲ್ಲೋ ಸಿಕ್ಕಿಕೊಂಡಿದೆ. ಹೆಚ್ಚಾಗಿ ಡೇಟಾಬೇಸ್ ಅಥವಾ ಹೊರಗಿನ ಎಸ್ಸೆಮ್ಮೆಸ್ ಸೇವೆಯ ಉತ್ತರಕ್ಕೆ ಕಾಯುತ್ತಿರುತ್ತದೆ. ಇನ್ನೊಂದು ವಿಚಿತ್ರ ಗ್ರಾಫ್ ಇದೆ: ಅನ್‌ಅಕ್ಡ್ ಸರಿಯಾಗಿ ಅರ್ಧ ಗಂಟೆಗೊಮ್ಮೆ ದೊಪ್ಪನೆ ಬಿದ್ದು, ಅಷ್ಟೇ ಸಂದೇಶಗಳು ರೆಡಿಗೆ ಮರಳಿ, ಪುನಃ ಅನ್‌ಅಕ್ಡ್ ಏರುತ್ತದೆ. ಎತ್ತಿಕೊಂಡ ಸಂದೇಶಕ್ಕೆ 30 ನಿಮಿಷದೊಳಗೆ ಅಕ್ ಬರದಿದ್ದರೆ ರ‍್ಯಾಬಿಟ್‌ಎಂಕ್ಯೂ ತಾನಾಗಿ ಆ ಕನ್ಸ್ಯೂಮರ್‌ನ ಸಂಪರ್ಕದ ಚಾನೆಲ್ ಮುಚ್ಚಿ ಸಂದೇಶವನ್ನು ಸಾಲಿಗೆ ಹಿಂದಿರುಗಿಸುವ ನಿಯಮದ ಗುರುತು ಅದು. ಅದನ್ನು ಕಂಡರೆ ಸರ್ವರ್ ರೀಸ್ಟಾರ್ಟ್ ಮಾಡಬೇಡಿ, ಕನ್ಸ್ಯೂಮರ್‌ನ ಕೋಡ್ ತೆರೆಯಿರಿ.

ಒಂದು ನೋಡ್ ತುಂಬಿದರೆ ಇಡೀ ಕ್ಲಸ್ಟರ್ ನಿಲ್ಲುತ್ತದೆ

ಇದು ಗೊತ್ತಿಲ್ಲದೆ ಕಷ್ಟಪಟ್ಟವರು ಬಹಳ. ನೋಡ್‌ನ ಮೆಮೊರಿ ಒಂದು ಮಿತಿ ದಾಟಿದರೆ ರ‍್ಯಾಬಿಟ್‌ಎಂಕ್ಯೂ ಅಲಾರಂ ಎಬ್ಬಿಸುತ್ತದೆ. ಆ ಮಿತಿ ಹಿಂದಿನ ಆವೃತ್ತಿಗಳಲ್ಲಿ ಶೇ 40, 2024ರ 4.0ರಿಂದ ಶೇ 60. ಡಿಸ್ಕ್‌ನ ಖಾಲಿ ಜಾಗ ಮಿತಿಗಿಂತ ಕೆಳಗಿಳಿದರೂ ಹಾಗೆಯೇ. ಅಲಾರಂ ಎದ್ದದ್ದು ಒಂದು ನೋಡ್‌ನಲ್ಲಾದರೂ ಆ ಕ್ಲಸ್ಟರ್‌ನ ಎಲ್ಲ ನೋಡ್‌ಗಳಲ್ಲೂ ಪಬ್ಲಿಷರ್‌ಗಳನ್ನು ತಡೆಹಿಡಿಯಲಾಗುತ್ತದೆ. ಕನ್ಸ್ಯೂಮರ್‌ಗಳು ಎಂದಿನಂತೆ ಸಾಲನ್ನು ಖಾಲಿ ಮಾಡುತ್ತಿರುತ್ತವೆ. ಹೀಗಾಗಿ ಕ್ಯೂ ಉದ್ದ ಇಳಿಯುತ್ತಿರುವುದು ಕಂಡು 'ಪರವಾಗಿಲ್ಲ, ಸರಿಹೋಗುತ್ತಿದೆ' ಎಂದುಕೊಳ್ಳುತ್ತೇವೆ. ಅತ್ತ ಟಿಕೆಟ್ ಬುಕ್ ಮಾಡುವ ಪುಟ ಸ್ತಬ್ಧವಾಗಿರುತ್ತದೆ.

ಆದ್ದರಿಂದ ಅಲಾರಂಗೆ ಇಡುವ ಅಲರ್ಟ್‌ನಲ್ಲಿ 'ಐದು ನಿಮಿಷ ನೋಡೋಣ' ಎಂಬುದು ಬೇಡ, ಎದ್ದ ಕೂಡಲೇ ಫೋನ್ ಬಡಿಯಲಿ. ಅದಕ್ಕೂ ಒಳ್ಳೆಯದು ಮೊದಲೇ ಎಚ್ಚರಿಸುವುದು: ಮಿತಿಯ ಶೇ 80 ಮುಟ್ಟಿದಾಗ ಒಂದು ಸೂಚನೆ, ಡಿಸ್ಕ್‌ಗೆ ಪ್ರೊಮೀಥಿಯಸ್‌ನ 'ಪ್ರೆಡಿಕ್ಟ್_ಲೀನಿಯರ್' ಬಳಸಿ 'ಹೀಗೇ ಹೋದರೆ ನಾಲ್ಕು ಗಂಟೆಯಲ್ಲಿ ತುಂಬುತ್ತದೆ' ಎಂಬ ಮುನ್ಸೂಚನೆ. ಡಿಸ್ಕ್ ಮಿತಿ ಮೊದಲಿಂದ ಬರೀ 50 ಎಂಬಿ ಇರುತ್ತದೆ. ಅದು ಕಲಿಯುವವರ ಲ್ಯಾಪ್‌ಟಾಪ್‌ಗೆ ಸಾಕು ಎಂದು ರ‍್ಯಾಬಿಟ್‌ಎಂಕ್ಯೂ ಕೈಪಿಡಿಯೇ ಹೇಳುತ್ತದೆ. ನಿಜವಾದ ಸೇವೆಯಲ್ಲಿ ಅದನ್ನು ಜಿಬಿ ಲೆಕ್ಕಕ್ಕೆ ಏರಿಸಿ.

ಒಂದೇ ಸಾಲಿನ ನಕಲುಗಳನ್ನು ಹಲವು ನೋಡ್‌ಗಳಲ್ಲಿ ಇಡುವ ಕೋರಂ ಕ್ಯೂ ಬಳಸುವವರು ನೋಡ್‌ಗಳ ಬಹುಮತವನ್ನೂ ಕಾಯಬೇಕು. ಮೂರು ನೋಡ್‌ನ ಕ್ಲಸ್ಟರ್ ಒಂದನ್ನು ಕಳೆದುಕೊಂಡರೂ ನಡೆಯುತ್ತದೆ, ಎರಡನ್ನು ಕಳೆದುಕೊಂಡರೆ ಆ ಕ್ಯೂಗಳು ನಿಲ್ಲುತ್ತವೆ. ಐದು ನೋಡ್ ಇದ್ದರೆ ಎರಡರ ತನಕ ತಡೆದುಕೊಳ್ಳುತ್ತದೆ. ನವೀಕರಣಕ್ಕೆಂದು ಯಾವುದೇ ನೋಡ್ ನಿಲ್ಲಿಸುವ ಮುಂಚೆ 'ರ‍್ಯಾಬಿಟ್‌ಎಂಕ್ಯೂ-ಡಯಾಗ್ನೋಸ್ಟಿಕ್ಸ್ ಚೆಕ್_ಇಫ್_ನೋಡ್_ಈಸ್_ಕೋರಂ_ಕ್ರಿಟಿಕಲ್' ಎಂದು ಕೇಳಿ. ಅದು ತಪ್ಪು ತೋರಿಸಿದರೆ ಆ ನೋಡ್ ಮುಟ್ಟಬೇಡಿ.

ಕ್ಲಸ್ಟರ್‌ಗಳ ನಡುವಿನ ಕೊಂಡಿ

ದೂರದ ಎರಡು ಊರುಗಳಿಗೆ ಒಂದೇ ಕ್ಲಸ್ಟರ್ ಹರಡುವುದು ಸಲ್ಲದು. ನಡುವಿನ ಸಂಪರ್ಕ ತುಸು ತಡವರಿಸಿದರೂ ನೋಡ್‌ಗಳು ಒಂದನ್ನೊಂದು ಸತ್ತಿವೆ ಎಂದುಕೊಳ್ಳುತ್ತವೆ. ಹಾಗಾಗಿ ಊರಿಗೊಂದು ಕ್ಲಸ್ಟರ್ ಇಟ್ಟು, ಫೆಡರೇಷನ್ ಅಥವಾ ಷವಲ್ ಎಂಬ ಪ್ಲಗಿನ್‌ನಿಂದ ಅವನ್ನು ಜೋಡಿಸುತ್ತಾರೆ. ನಿಗಾ ಇಡುವವರು ಮರೆಯುವ ಜಾಗ ಇದೇ. ಮುಂಬೈ ಹಸಿರು, ಹೈದರಾಬಾದ್ ಹಸಿರು, ನಡುವಿನ ಕೊಂಡಿ ಕಡಿದಿರುವುದು ಎರಡೂ ಡ್ಯಾಶ್‌ಬೋರ್ಡ್‌ನಲ್ಲಿ ಇಲ್ಲ.

ಬ್ರೋಕರ್‌ನಲ್ಲಿ ಸಂದೇಶಗಳನ್ನು ಕ್ಯೂಗಳಿಗೆ ಹಂಚುವ ಭಾಗಕ್ಕೆ ಎಕ್ಸ್‌ಚೇಂಜ್ ಎನ್ನುತ್ತಾರೆ. ಎಕ್ಸ್‌ಚೇಂಜ್ ಫೆಡರೇಷನ್‌ನಲ್ಲಿ ಕಳಿಸುವ ಕಡೆ 'ಫೆಡರೇಷನ್' ಎಂದು ಹೆಸರು ಶುರುವಾಗುವ ಒಂದು ಒಳಕ್ಯೂ ಇರುತ್ತದೆ. ಕೊಂಡಿ ಕಡಿದಾಗ ಆಚೆ ಹೋಗಬೇಕಾದ ಸಂದೇಶಗಳು ಅಲ್ಲಿ ಕೂಡಿಬೀಳುತ್ತವೆ. ಆ ಕ್ಯೂಗೂ ಕಾಯುವ ಹೊತ್ತಿನ ಅಲರ್ಟ್ ಇಡಿ. ಅದಕ್ಕಿಂತ ನಂಬಿಕಸ್ತ ಉಪಾಯ ಪರೀಕ್ಷಾ ಸಂದೇಶ. ನಿಮಿಷಕ್ಕೊಮ್ಮೆ ಮುಂಬೈಯಲ್ಲಿ ಸಮಯ ಬರೆದ ಸಣ್ಣ ಸಂದೇಶವೊಂದನ್ನು ಹಾಕುವ ಪ್ರೋಗ್ರಾಂ, ಹೈದರಾಬಾದ್‌ನಲ್ಲಿ ಅದನ್ನು ಎತ್ತಿಕೊಂಡು ಎಷ್ಟು ಸೆಕೆಂಡು ಹಿಡಿಯಿತೆಂದು ಬರೆಯುವ ಪ್ರೋಗ್ರಾಂ. ಪ್ರತಿ ಜೋಡಿಗೂ, ಎರಡೂ ದಿಕ್ಕಿಗೂ ಇದು ಬೇಕು. ಮೂರು ನಿಮಿಷ ಯಾವ ಸಂದೇಶವೂ ತಲುಪದಿದ್ದರೆ ಕೊಂಡಿ ಕಡಿದಿದೆ. ಯಾವ ಪ್ಲಗಿನ್‌ನ ಅಂಕಿಯನ್ನೂ ನಂಬಬೇಕಿಲ್ಲ.

ಗಂಟೆ ಯಾರಿಗೆ, ಯಾವ ದಾರಿಯಲ್ಲಿ

ಅಲರ್ಟ್‌ಗಳನ್ನು ಸೇರಿಸಿ ಕಳಿಸುವ ಕೆಲಸ ಅಲರ್ಟ್‌ಮ್ಯಾನೇಜರ್‌ನದು. ಅದರಲ್ಲಿ ಕ್ಲಸ್ಟರ್ ಲೇಬಲ್ ಪ್ರಕಾರ ಗುಂಪು ಮಾಡಿ. ಒಂದು ಕ್ಲಸ್ಟರ್ ಬಿದ್ದಾಗ ಅದರ ಇನ್ನೂರು ಕ್ಯೂಗಳಿಗೆ ಇನ್ನೂರು ಸಂದೇಶ ಬಾರದೆ ಒಂದೇ ಬರುತ್ತದೆ. 'ಇನ್‌ಹಿಬಿಟ್' ನಿಯಮ ಬರೆದು, ಕ್ಲಸ್ಟರ್ ಸಿಗುತ್ತಿಲ್ಲ ಎಂಬ ಅಲರ್ಟ್ ಇದ್ದಾಗ ಅದೇ ಕ್ಲಸ್ಟರ್‌ನ ಉಳಿದವು ಸುಮ್ಮನಿರುವಂತೆ ಮಾಡಿ. 'ಅದೇ ಕ್ಲಸ್ಟರ್‌ನ' ಎಂಬ ಷರತ್ತು ಬರೆಯಲು ಮರೆತರೆ ಮುಂಬೈ ಬಿದ್ದಾಗ ಹೈದರಾಬಾದ್‌ನ ಬಾಯಿಯೂ ಮುಚ್ಚಿಹೋಗುತ್ತದೆ.

ಅಲರ್ಟ್ ಹೋಗುವ ದಾರಿ ಬೇರೆಯೇ ಇರಬೇಕು. ಅಲರ್ಟ್‌ನ ಎಸ್ಸೆಮ್ಮೆಸ್ಸನ್ನೂ ಕಂಪನಿಯ ಎಸ್ಸೆಮ್ಮೆಸ್ ಕ್ಯೂಗೇ ಹಾಕುವ ಏರ್ಪಾಟು ಎಷ್ಟೋ ಕಡೆ ಇದೆ. ಆ ಕ್ಯೂ ನಿಂತ ದಿನ, ನಿಂತಿದೆ ಎಂದು ಹೇಳಬೇಕಾದ ಸಂದೇಶವೂ ಅದೇ ಸಾಲಿನ ಕೊನೆಯಲ್ಲಿ ನಿಂತಿರುತ್ತದೆ.

ಪ್ರೊಮೀಥಿಯಸ್ಸೇ ಸತ್ತರೆ? ಅದಕ್ಕೊಂದು ಸರಳ ಪದ್ಧತಿಯಿದೆ. ಸದಾ ನಿಜವಾಗಿರುವ ಒಂದು ನಿಯಮ ಬರೆದು, ಅದರ ಅಲರ್ಟನ್ನು ಹೊರಗಿನ ಯಾವುದಾದರೂ ಸೇವೆಗೆ ಸತತವಾಗಿ ಕಳಿಸುತ್ತಿರಿ. ಐದು ನಿಮಿಷ ಬಾರದೆ ಹೋದರೆ ಆ ಸೇವೆ ನಿಮಗೆ ಫೋನ್ ಮಾಡಲಿ. ಊರಿಗೊಂದರಂತೆ ಇದನ್ನು ಇಡಿ. ಪ್ರತಿ ಅಲರ್ಟ್‌ನ ಒಕ್ಕಣೆಯಲ್ಲಿ ಕ್ಲಸ್ಟರ್ ಹೆಸರು, ಕ್ಯೂ ಹೆಸರು, ಈಗ ಎಷ್ಟು ಕಾಯುತ್ತಿದೆ, ಮಿತಿ ಎಷ್ಟು, ಮೊದಲು ಮಾಡಬೇಕಾದ ಕೆಲಸ ಯಾವುದು ಎಂಬುದಿರಲಿ. ಎದ್ದು ಕೂತವರು ಕಣ್ಣುಜ್ಜಿಕೊಂಡು ಓದಿದರೂ ಅರ್ಥವಾಗಬೇಕು. ನೋಡಿ ಸುಮ್ಮನಾಗುವಂಥ ಅಲರ್ಟ್‌ಗಳನ್ನು ತಿಂಗಳಿಗೊಮ್ಮೆ ಕಿತ್ತುಹಾಕಿ. ರಾತ್ರಿ ನಿದ್ದೆಗೆಟ್ಟ ಮನುಷ್ಯ ಮರುದಿನ ತಪ್ಪು ಆಜ್ಞೆ ಕೊಡುವ ಅಪಾಯ ಯಾವ ಡ್ಯಾಶ್‌ಬೋರ್ಡ್‌ನಲ್ಲೂ ಕಾಣುವುದಿಲ್ಲ.

ಕಾಫ್ಕಾ ಬಳಸುವವರಿಗೆ

ಲಿಂಕ್ಡ್‌ಇನ್‌ನಲ್ಲಿ ಹುಟ್ಟಿ 2011ರಲ್ಲಿ ಮುಕ್ತವಾದ ಕಾಫ್ಕಾ ಎಂಬ ಇನ್ನೊಂದು ಬ್ರೋಕರ್‌ನಲ್ಲಿ ಸಂದೇಶ ಓದಿದ ಮೇಲೂ ಅಲ್ಲೇ ಉಳಿಯುತ್ತದೆ, ತಾನಾಗಿ ಏಳು ದಿನ. ಆದ್ದರಿಂದ ಅಲ್ಲಿ ನೋಡಬೇಕಾದದ್ದು ಕನ್ಸ್ಯೂಮರ್ ಎಷ್ಟು ಹಿಂದೆ ಬಿದ್ದಿದೆ ಎಂಬ 'ಲ್ಯಾಗ್'. ಅದನ್ನೂ ಸಂದೇಶಗಳ ಸಂಖ್ಯೆಯಲ್ಲಿ ಅಳೆಯದೆ ಸಮಯದಲ್ಲಿ ಅಳೆಯಿರಿ. ಏಳು ದಿನಕ್ಕಿಂತ ಹಿಂದೆ ಬಿದ್ದರೆ ಓದದ ಸಂದೇಶ ಸದ್ದಿಲ್ಲದೆ ಅಳಿಸಿಹೋಗುತ್ತದೆ.

ಹೆಸರಿನ ಮಹತ್ವ ಕಾಫ್ಕಾದಲ್ಲಿ ಇನ್ನೂ ಚೆನ್ನಾಗಿ ಕಾಣುತ್ತದೆ. ಒಂದು ಕ್ಲಸ್ಟರ್‌ನಲ್ಲಿ ಸಕ್ರಿಯ ಕಂಟ್ರೋಲರ್ ಸರಿಯಾಗಿ ಒಂದೇ ಇರಬೇಕು. ಎರಡು ಕ್ಲಸ್ಟರ್‌ಗಳನ್ನು ಕೂಡಿಸಿ ನೋಡಿದರೆ ಎರಡು ಎಂದು ಬರುತ್ತದೆ, ಸರಿಯಾಗಿದೆ ಅನ್ನಿಸುತ್ತದೆ. ಒಂದರಲ್ಲಿ ಸೊನ್ನೆ, ಇನ್ನೊಂದರಲ್ಲಿ ಎರಡು ಇದ್ದರೂ ಮೊತ್ತ ಎರಡೇ. ಕ್ಲಸ್ಟರ್‌ವಾರು ಕೂಡಿಸಿ, ಒಂದಲ್ಲದಿದ್ದರೆ ಗಂಟೆ ಬಾರಿಸಿ. ನಕಲುಗಳು ಹಿಂದುಳಿದ ಪಾರ್ಟಿಷನ್‌ಗಳು, ಆಫ್‌ಲೈನ್ ಪಾರ್ಟಿಷನ್‌ಗಳು ಎರಡೂ ಸೊನ್ನೆಯಿರಬೇಕು.

ಬೇಕೆಂದೇ ಕೆಡಿಸಿ ನೋಡಿ

ಇಷ್ಟೆಲ್ಲ ಕಟ್ಟಿದ ಮೇಲೆ ಪರೀಕ್ಷಾ ಕ್ಲಸ್ಟರ್‌ನಲ್ಲಿ ಒಂದು ಮಧ್ಯಾಹ್ನ ಕೂತು ಎಲ್ಲವನ್ನೂ ಕೆಡಿಸಿ. ಒಮ್ಮೆಯೂ ಬಾರಿಸದ ಗಂಟೆಯನ್ನು ನಂಬಬಾರದು. ರ‍್ಯಾಬಿಟ್‌ಎಂಕ್ಯೂನದೇ ಪರ್ಫ್‌ಟೆಸ್ಟ್ ಎಂಬ ಸಾಧನದಿಂದ ಸಂದೇಶಗಳನ್ನು ಸುರಿಯಿರಿ. ಕನ್ಸ್ಯೂಮರ್ ನಿಲ್ಲಿಸಿ, ಎಷ್ಟು ನಿಮಿಷಕ್ಕೆ ಫೋನ್ ಬಡಿಯಿತು ನೋಡಿ. 'ರ‍್ಯಾಬಿಟ್‌ಎಂಕ್ಯೂಸಿಟಿಎಲ್ ಸ್ಟಾಪ್_ಆ್ಯಪ್' ಎಂದು ಒಂದು ನೋಡ್ ಬೀಳಿಸಿ. ಎರಡು ಕ್ಲಸ್ಟರ್ ನಡುವಿನ ಪೋರ್ಟ್ 5672 ಅನ್ನು ಫೈರ್‌ವಾಲ್‌ನಲ್ಲಿ ಮುಚ್ಚಿ, ಪರೀಕ್ಷಾ ಸಂದೇಶದ ಅಲರ್ಟ್ ಬಂತೇ ಗಮನಿಸಿ. ಪ್ರೊಮೀಥಿಯಸ್ಸನ್ನೂ ನಿಲ್ಲಿಸಿ.

ಮೆಮೊರಿ ಅಲಾರಂ ಪರೀಕ್ಷಿಸಲು ನಿಜವಾಗಿ ಮೆಮೊರಿ ತುಂಬಬೇಕಿಲ್ಲ. 'ರ‍್ಯಾಬಿಟ್‌ಎಂಕ್ಯೂಸಿಟಿಎಲ್ ಸೆಟ್_ವಿಎಂ_ಮೆಮೊರಿ_ಹೈ_ವಾಟರ್‌ಮಾರ್ಕ್ 0' ಎಂದು ಕೊಟ್ಟರೆ ಆ ನೋಡ್‌ನಲ್ಲಿ ತಕ್ಷಣ ಅಲಾರಂ ಎದ್ದು ಪಬ್ಲಿಷರ್‌ಗಳೆಲ್ಲ ನಿಲ್ಲುತ್ತವೆ. ಟಿಕೆಟ್ ಪುಟ ಹೇಗೆ ವರ್ತಿಸುತ್ತದೆ, ಗ್ರಾಹಕರಿಗೆ ಯಾವ ಸಂದೇಶ ಕಾಣುತ್ತದೆ ಎಂಬುದನ್ನೂ ಆಗಲೇ ನೋಡಿಕೊಳ್ಳಿ. ಪ್ರತಿ ಪರೀಕ್ಷೆಗೂ ಅಲರ್ಟ್ ಬರಲು ಹಿಡಿದ ಹೊತ್ತನ್ನು ಆ ಕ್ಯೂನ ಮಿತಿಯ ಪಕ್ಕದಲ್ಲಿ ಬರೆಯಿರಿ. ಮಿತಿ ಒಂದು ನಿಮಿಷ, ಅಲರ್ಟ್ ಬಂದದ್ದು ನಾಲ್ಕನೇ ನಿಮಿಷಕ್ಕೆ ಎಂದಾದರೆ ಅಂಕಿ ಓದುವ ಅವಧಿ, ನಿಯಮದ ಕಾಯುವಿಕೆ, ಅಲರ್ಟ್‌ಮ್ಯಾನೇಜರ್ ಗುಂಪು ಮಾಡಲು ತಾನಾಗಿ ಕಾಯುವ 30 ಸೆಕೆಂಡು, ಈ ಮೂರರಲ್ಲಿ ಎಲ್ಲಿ ಹೊತ್ತು ಹೋಯಿತೆಂದು ಹುಡುಕಿ ಕತ್ತರಿಸಿ. ಪರೀಕ್ಷೆ ಮುಗಿದ ಮೇಲೆ ವಾಟರ್‌ಮಾರ್ಕನ್ನು ನಿಮ್ಮ ಆವೃತ್ತಿಯ ಮೊದಲಿನ ಮೌಲ್ಯಕ್ಕೆ, 0.4 ಅಥವಾ 0.6ಕ್ಕೆ, ಮರಳಿಸಿ, ಅಲಾರಂ ಇಳಿದದ್ದನ್ನು ಡ್ಯಾಶ್‌ಬೋರ್ಡ್‌ನಲ್ಲಿ ನೋಡಿ ಖಾತ್ರಿಪಡಿಸಿಕೊಂಡೇ ಏಳಿ.